ಮೂವರ ಮೇಳದಲ್ಲಿ ನಡುವಣ ದನಿ

1788ನೆಯ ಇಸವಿಯ ಬೇಸಗೆಯಲ್ಲಿ, ವಿಯೆನ್ನಾ ನಗರದ ಕೋಟೆಯಾಚೆಗಿದ್ದ ಆಲ್ಸರ್‌ಗ್ರುಂಡ್ ಎಂಬ ಉಪನಗರಕ್ಕೆ ಬಿಡಾರ ಬದಲಾಯಿಸಿದ್ದ ವುಲ್ಫ್‌ಗಾಂಗ್ ಮೊಜಾರ್ಟನು, ಮೈಕೇಲ್ ಪುಖ್‌ಬರ್ಗ್ ಎಂಬ ಜವಳಿ ವರ್ತಕನಿಗೆ ಸಾಲ ಬೇಡಿ ಪತ್ರದ ಮೇಲೆ ಪತ್ರ ಬರೆಯುತ್ತಿದ್ದನು. ಜೂನ್ ತಿಂಗಳ ಕೊನೆಯಲ್ಲಿ ಆರು ತಿಂಗಳ ಹೆಣ್ಣುಕೂಸು ತೀರಿಕೊಂಡಿತು. ಅಚ್ಚುಹಾಕಿಸಬೇಕೆಂದಿದ್ದ ಕೃತಿಗಳಿಗೆ ಸಾಕಷ್ಟು ಚಂದಾದಾರರು ಕೂಡಿಬರಲಿಲ್ಲ. ಅಂಥ ದುರ್ದಿನಗಳಲ್ಲಿಯೇ, ಜೂನ್ 26ಕ್ಕೂ ಆಗಸ್ಟ್ 10ಕ್ಕೂ ನಡುವಣ ಆರೇಳು ವಾರಗಳಲ್ಲಿ, ತನ್ನ ಕೊನೆಯ ಮೂರು ಸಿಂಫನಿಗಳನ್ನು ಒಂದರ ಹಿಂದೊಂದರಂತೆ ಬರೆದು ಮುಗಿಸಿದ ಆತನು, ಸೆಪ್ಟೆಂಬರ್ 27ರಂದು ತನ್ನ ಕೃತಿಪಟ್ಟಿಯಲ್ಲಿ ಮತ್ತೊಂದು ಸಾಲನ್ನು ಸೇರಿಸಿದನು: ಒಂದು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ ಈ ಮೂರಕ್ಕೆ ಆರು ಭಾಗಗಳ ಒಂದು ಡಿವರ್ಟಿಮೆಂಟೊ. ಅದು ಪುಖ್‌ಬರ್ಗನಿಗಾಗಿ ಬರೆದುದು. ಆತನು ಮೊಜಾರ್ಟನಿಗೆ ಫ್ರೀಮೇಸನ್ ಬಳಗದ ಬಂಧು. ಕೇಳಿದಷ್ಟನ್ನೂ ಅನೇಕ ಸಲ ಕೊಡಲಿಲ್ಲವಾದರೂ, ಸಾಮಾನ್ಯವಾಗಿ ಏನನ್ನಾದರೂ ಕೊಡದೆ ಇರುತ್ತಿರಲಿಲ್ಲ. ಸಾಲ ಕೊಟ್ಟವನ ಹೆಸರು ಒಳ್ಳೆಯ ಕಾರಣಕ್ಕಾಗಿ ಚರಿತ್ರೆಯಲ್ಲಿ ಉಳಿಯುವುದು ಅಪೂರ್ವ; ಪುಖ್‌ಬರ್ಗನ ಹೆಸರು ಹಾಗೆ ಉಳಿಯಿತು.

ಮೂರು ತಂತಿವಾದ್ಯಗಳ ಮೇಳವೆಂಬುದು ಅಂದಿಗೆ ಹೊಸತೇನೂ ಅಲ್ಲ. ಎರಡು ಪಿಟೀಲುಗಳಿಗೂ ಒಂದು ಚೆಲ್ಲೊವಿಗೂ ಬರೆದ ತ್ರಯಗಳು ಯೂರೋಪಿನ ಮನೆಮನೆಗಳಲ್ಲಿ ನುಡಿಯುತ್ತಿದ್ದವು. ಹೈಡನ್ನನು ತನ್ನ ಎಳೆಯ ವಯಸ್ಸಿನಲ್ಲಿ ಅಂಥವನ್ನು ಬರೆದಿದ್ದನು. ಸ್ಪೇನ್ ದೇಶದಲ್ಲಿ ನೆಲೆಸಿದ್ದ ಬೊಕ್ಕೆರೀನಿಯು 1772ರಲ್ಲಿಯೇ ಎರಡನೆಯ ಪಿಟೀಲನ್ನು ಕೈಬಿಟ್ಟು, ಆ ಸ್ಥಾನದಲ್ಲಿ ವಿಯೋಲಾವನ್ನು ಕೂಡಿಸಿ ಆರು ತ್ರಯಗಳನ್ನು ರಚಿಸಿದ್ದನು. ಕರ್ಣಾಟಕ ಸಂಗೀತದ ಕಛೇರಿಗಳಲ್ಲಿ ಪಿಟೀಲನ್ನು ಕೇಳಿ ಬಲ್ಲ ನಮ್ಮವರಿಗೆ ವಿಯೋಲಾವಿನ ಪರಿಚಯ ಅಷ್ಟಾಗಿ ಇರಲಾರದು. ರೂಪದಲ್ಲಿ ಅದು ಪಿಟೀಲೇ; ಗಾತ್ರದಲ್ಲಿ ಕೊಂಚ ಹಿರಿದು, ಶ್ರುತಿಯಲ್ಲಿ ಒಂದು ಪಂಚಮದಷ್ಟು ಕೆಳಗಿನದು; ಅದರ ನಾದದಲ್ಲಿ ಪಿಟೀಲಿನ ಹೊಳಪಿಲ್ಲ, ಚೆಲ್ಲೊವಿನ ಗಾಂಭೀರ್ಯವೂ ಪೂರ್ತಿಯಾಗಿ ಇಲ್ಲ; ಮಂದ್ರದಲ್ಲಿ ಗಂಟಲು ತುಸು ಕಟ್ಟಿದಂತೆ ನುಡಿಯುವ ಒಂದು ಬಗೆಯ ಕಂದುಬಣ್ಣದ ದನಿ ಅದರದು. ವಾದ್ಯವೃಂದಗಳಲ್ಲಿ ಶತಮಾನಗಳ ಕಾಲ ಅದು ಸ್ವರಮೇಳದ ಒಡಲನ್ನು ತುಂಬುತ್ತ ಅಜ್ಞಾತವಾಸದಲ್ಲಿತ್ತು. ಈ ಅಜ್ಞಾತವಾಸಿಯನ್ನು ಅನಿವಾರ್ಯವಾಗಿ ಬೆಳಕಿಗೆ ಎಳೆದುತಂದ ಪ್ರಕಾರವು ಈ ತಂತಿವಾದ್ಯ ತ್ರಯವೇ ಎಂದು ನಾನು ತಿಳಿದಿದ್ದೇನೆ. ಆ ಪ್ರಕಾರದ ಚರಿತ್ರೆಯನ್ನು ಬರೆಯುವವನು ನಡುವೆ ಕುಳಿತ ಈ ವಾದಕನ ಪಕ್ಕದಲ್ಲಿಯೇ ಕುಳಿತು ಬರೆಯಬೇಕು.

ಮೊಜಾರ್ಟನು ಆ ಸ್ಥಾನದಲ್ಲಿ ಸ್ವತಃ ಕುಳಿತವನು. 1789ರ ಏಪ್ರಿಲಿನಲ್ಲಿ ಲಿಖ್ನೋವ್‌ಸ್ಕಿ ರಾಜಕುಮಾರನ ಜೊತೆಯಲ್ಲಿ ಬರ್ಲಿನ್ನಿಗೆ ಹೊರಟವನು ಮಾರ್ಗದಲ್ಲಿ ಡ್ರೆಸ್‌ಡನ್ನಿನಲ್ಲಿ ತಂಗಿದ್ದಾಗ, ಪಿಟೀಲಿಗೆ ಆಂಟನ್ ಟೈಬರನೂ ಚೆಲ್ಲೊವಿಗೆ ಎಸ್ಟರ್‌ಹಾಜಿ ಆಸ್ಥಾನದ ಆಂಟನ್ ಕ್ರಾಫ್ಟನೂ ಜೊತೆಗೂಡಿರಲು, ತಾನು ವಿಯೋಲಾ ಹಿಡಿದು ಈ ಕೃತಿಯನ್ನು ನುಡಿಸಿದನೆಂದೂ, ಅದು ಕೇಳುವಂತಿತ್ತೆಂದೂ ಹೆಂಡತಿಗೆ ಬರೆದ ಪತ್ರದಿಂದ ತಿಳಿದುಬರುತ್ತದೆ. ಔತಣದ ಹೊತ್ತಿನ ಹಗುರವಾದ ಸಂಗೀತಕ್ಕೆ ಇಡುತ್ತಿದ್ದ ಹೆಸರನ್ನು ಹೊತ್ತಿದ್ದರೂ, ಒಳಹೊಕ್ಕು ನೋಡಿದರೆ ಅದರಲ್ಲಿ ಹಗುರವಾದುದು ಬಹಳವಿಲ್ಲ. ನಾಲ್ಕನೆಯ ಭಾಗವನ್ನೇ ನೋಡಬಹುದು. ಬೀದಿಯಲ್ಲಿ ಹುಡುಗರು ಹಾಡಿಕೊಂಡು ಹೋಗುವಂಥ ಒಂದು ಸರಳವಾದ ಮಟ್ಟು. ಅದರ ಮೇಲೆ ಒಂದಾದ ಮೇಲೊಂದು ವಿಸ್ತಾರ. ನಡುವೆ ಮೈನರ್ ಸ್ಥಾಯಿಯಲ್ಲಿ ಮೂರು ದನಿಗಳೂ ಒಂದನ್ನೊಂದು ತಡಕುತ್ತ ನಡೆಯುವ ಒಂದು ಕತ್ತಲೆಯ ಓಣಿ. ಅದನ್ನು ದಾಟಿದೊಡನೆ ಪಿಟೀಲು ಉಸಿರು ಕಟ್ಟುವ ವೇಗದಿಂದ ಓಡತೊಡಗುತ್ತದೆ, ಚೆಲ್ಲೊ ತಳದಲ್ಲಿ ಗುಡುಗುತ್ತದೆ, ಆಗ ಇವೆರಡರ ನಡುವೆ ವಿಯೋಲಾ ಒಂದೇ, ಆ ಮೂಲ ಮಟ್ಟನ್ನು ಅದರ ಅಲಂಕಾರಗಳನ್ನೆಲ್ಲ ಕಳಚಿ, ದೇವಾಲಯದ ಸ್ತೋತ್ರದಂತೆ ನಿಧಾನವಾಗಿ ಹಾಡಿಕೊಂಡು ಹೋಗುತ್ತದೆ. ತನಗೆಂದೇ ತಾನು ಇಟ್ಟುಕೊಂಡ ಪಾಲು ಅದು.

ಇಲ್ಲಿ ಈ ಪ್ರಕಾರದ ಕಷ್ಟವೇನೆಂಬುದನ್ನು ಕೊಂಚ ಹೇಳದೆ ಮುಂದೆ ಹೋಗುವಂತಿಲ್ಲ. ಪಾಶ್ಚಾತ್ಯ ಸಂಗೀತದ ಜೀವಾಳ ಹಾರ್ಮನಿ; ಏಕಕಾಲದಲ್ಲಿ ನುಡಿಯುವ ಹಲವು ಸ್ವರಗಳ ಮೈತ್ರಿ. ಮೂರು ಸ್ವರಗಳಿಂದ ಒಂದು ಮೇಳ ಸಿದ್ಧವಾದೀತು. ಆದರೆ ಮನಸ್ಸನ್ನು ಮುಂದಕ್ಕೆ ತಳ್ಳುವ, ಹಂಬಲವನ್ನು ಹುಟ್ಟಿಸುವ, ಮುಂದಿನ ಶತಮಾನದ ರಮ್ಯಯುಗದವರಿಗೆ ಪ್ರಾಣಪ್ರಿಯವಾದ ಮೇಳಗಳಿಗೆ ನಾಲ್ಕು ಸ್ವರಗಳಾದರೂ ಬೇಕು. ನಾಲ್ವರ ಕ್ವಾರ್ಟೆಟ್ಟಿನಲ್ಲಿ ಅದು ಸುಲಭ. ತಲೆಗೊಂದು ಸ್ವರವನ್ನು ಹಂಚಿಬಿಟ್ಟರಾಯಿತು. ಮೂವರಿರುವಲ್ಲಿ ಯಾರಾದರೊಬ್ಬರು ಒಂದೇ ಕಮಾನಿನಿಂದ ಎರಡು ತಂತಿಗಳನ್ನು ಉಜ್ಜಬೇಕು. ಇಲ್ಲವೇ ಒಂದು ಸ್ವರವನ್ನು ಬಿಟ್ಟು, ಅದು ಇದ್ದಂತೆಯೇ ಕೇಳುವವನಿಗೆ ತೋರುವಂತೆ ಸಂಗೀತಕಾರನು ಉಪಾಯ ಹೂಡಬೇಕು. ವಿಶ್ರಾಂತಿಯ ಮಾತಂತೂ ಇಲ್ಲ: ಕ್ವಾರ್ಟೆಟ್ಟಿನಲ್ಲಿ ಒಬ್ಬನು ನಾಲ್ಕು ಆವರ್ತ ಸುಮ್ಮನಿದ್ದರೂ ಮೂವರು ಉಳಿಯುತ್ತಾರೆ, ಇಲ್ಲಿ ಒಲೆಯ ಮೂರು ಗುಂಡುಗಳಲ್ಲಿ ಒಂದನ್ನು ತೆಗೆದಂತೆ, ಒಬ್ಬನು ಕಮಾನೆತ್ತಿದೊಡನೆ ಮಡಕೆಯೇ ಉರುಳುತ್ತದೆ. ಹನ್ನೆರಡೇ ತಂತಿಗಳು, ಮರೆಮಾಚುವುದಕ್ಕೆ ಎಡೆಯಿಲ್ಲ, ಯಾರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕೇಳುವವರೆಲ್ಲರಿಗೂ ತಿಳಿಯುತ್ತದೆ.

ಈ ಕಷ್ಟವನ್ನೇ ವ್ಯಾಯಾಮಶಾಲೆಯನ್ನಾಗಿ ಮಾಡಿಕೊಂಡವನು ಬೀಥೋವನ್ನನು. ಬಾನ್ ನಗರದ ಆಸ್ಥಾನವೃಂದದಲ್ಲಿ ವಿಯೋಲಾ ನುಡಿಸಿ ಸಂಬಳ ಪಡೆಯುತ್ತಿದ್ದ ಈ ತರುಣನು 1792ರ ಕೊನೆಯಲ್ಲಿ ವಿಯೆನ್ನಾಕ್ಕೆ ಬಂದನು. 1796ರಲ್ಲಿ ಅಚ್ಚಾದ ಆತನ ಮೂರನೆಯ ಕೃತಿಸಂಖ್ಯೆಯ ತ್ರಯವು ಮೊಜಾರ್ಟನ ಕೃತಿಯ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟಿದೆ: ಅದೇ ಇ-ಫ್ಲ್ಯಾಟ್ ಸ್ಥಾಯಿ, ಅವೇ ಆರು ಭಾಗಗಳು, ಮಿನುಯೆಟ್ ಎಂಬ ಅವೇ ಎರಡು ನೃತ್ಯಭಾಗಗಳು. ಬಾನ್ ನಗರದಿಂದ ಓಡಿಬಂದ ಒಬ್ಬ ಪಾದ್ರಿಯು ಈ ಕೃತಿಯ ಹಸ್ತಪ್ರತಿಯನ್ನು ಇಂಗ್ಲೆಂಡಿಗೆ ತಂದನೆಂದೂ, ಲೆಸ್ಟರ್ ಪಟ್ಟಣದಲ್ಲಿ ತಾನು ವಿಯೋಲಾ ಹಿಡಿದು ಆತನೊಡನೆ ಅದನ್ನು ನುಡಿಸಿದೆನೆಂದೂ, ಅಲ್ಲಿಯ ಕಾಲುಚೀಲದ ವ್ಯಾಪಾರಿ ವಿಲಿಯಂ ಗಾರ್ಡಿನರ್ ತನ್ನ ಸ್ಮೃತಿಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ತಾರೀಖುಗಳ ವಿಷಯದಲ್ಲಿ ಪಂಡಿತರು ಆತನನ್ನು ಪೂರ್ತಿ ನಂಬುವುದಿಲ್ಲ. ಆದರೂ ವಿಯೆನ್ನಾದ ಜವಳಿಯವನಾದ ಮೇಲೆ ಲೆಸ್ಟರಿನ ಕಾಲುಚೀಲದವನೂ ಈ ಕಥೆಯಲ್ಲಿ ಬರುವುದು ನನಗೆ ಪ್ರಿಯವಾದ ಸಂಗತಿ. ಈ ಸಂಗೀತವು ಯಾರ ಮನೆಗಳಲ್ಲಿ ಬಾಳಿತೆಂಬುದನ್ನು ಅದು ಹೇಳುತ್ತದೆ.

1798ರಲ್ಲಿ ಪ್ರಕಟವಾದ ಒಂಬತ್ತನೆಯ ಕೃತಿಸಂಖ್ಯೆಯ ಮೂರು ತ್ರಯಗಳ ಹೊತ್ತಿಗೆ ಬೀಥೋವನ್ನನು ಮೊಜಾರ್ಟನ ನೆರಳಿನಿಂದ ಹೊರಬಂದಿದ್ದನು. ಆರು ಭಾಗಗಳ ವಿನೋದಸಂಗೀತದ ಚೌಕಟ್ಟನ್ನು ಕಿತ್ತೊಗೆದು, ಒಂದೊಂದನ್ನೂ ನಾಲ್ಕು ಭಾಗಗಳ ಬಿಗಿಯಾದ ಕಟ್ಟಡವನ್ನಾಗಿ ಎಬ್ಬಿಸಿ, ರಷ್ಯಾದ ಸೇವೆಯಲ್ಲಿದ್ದ ಕೌಂಟ್ ಬ್ರೌನ್ ಎಂಬ ಪೋಷಕನಿಗೆ ಅರ್ಪಿಸುವಾಗ, ತನ್ನ ಕೃತಿಗಳಲ್ಲಿ ಅತ್ಯುತ್ತಮವಾದುದು ಇದೇ ಎಂದು ಬರೆದನು. ಅಂದಿನ ಮಟ್ಟಿಗೆ ಆ ಮಾತು ಸತ್ಯ.

ಈ ಮೂರರಲ್ಲಿ ಕೊನೆಯದು, ಸಿ-ಮೈನರ್ ಸ್ಥಾಯಿಯದು, ರಮ್ಯಯುಗದ ಹೆಬ್ಬಾಗಿಲಿನಲ್ಲಿ ನಿಂತಿರುವ ಕೃತಿ. ಆರಂಭದಲ್ಲಿ ಮೂರೂ ವಾದ್ಯಗಳು ಒಂದೇ ಸ್ವರಪಂಕ್ತಿಯನ್ನು ಹಿಡಿದು ಮೇಲಿನಿಂದ ಕೆಳಕ್ಕೆ ನಾಲ್ಕು ಮೆಟ್ಟಿಲು ಇಳಿಯುತ್ತವೆ, ಅಷ್ಟೇ. ಹಾರ್ಮನಿಯ ಕೊರತೆಯನ್ನು ಮುಚ್ಚುವುದಕ್ಕೆ ಇತರರು ಹೆಣಗುತ್ತಿದ್ದಲ್ಲಿ, ಈತನು ಹಾರ್ಮನಿಯೇ ಇಲ್ಲದ ಬತ್ತಲೆಯಾದ ಏಕನಾದದಿಂದ ಆರಂಭಿಸಿ, ಆ ಬತ್ತಲೆತನವನ್ನೇ ಭಯಾನಕವನ್ನಾಗಿ ಮಾಡಿದನು. ತರುವಾಯ ಎರಡೆರಡು ತಂತಿಗಳ ಉಜ್ಜುವಿಕೆಯಿಂದ ಮೂವರಿಂದ ಐವರ ಘೋಷವನ್ನು ಹೊರಡಿಸುವ ಎಡೆಗಳನ್ನು ಕೇಳಿದರೆ, ಈ ಸಂಗೀತಕಾರನಿಗೆ ಕ್ವಾರ್ಟೆಟ್ಟೇ ಬೇಕಿಲ್ಲವೇನೋ ಎನ್ನಿಸುತ್ತದೆ. ಆದರೆ ನಡೆದುದು ಬೇರೆ. ಅದೇ ವರ್ಷ ಆತನು ಹದಿನೆಂಟನೆಯ ಕೃತಿಸಂಖ್ಯೆಯ ಆರು ಕ್ವಾರ್ಟೆಟ್ಟುಗಳಿಗೆ ಕೈಯಿಕ್ಕಿದನು. 1801ರಲ್ಲಿ ಅವು ಪ್ರಕಟವಾದುವು. ಅದಾದಮೇಲೆ ಇನ್ನೂ ಇಪ್ಪತ್ತಾರು ವರ್ಷ ಬದುಕಿದ್ದರೂ ಒಂದೇ ಒಂದು ತಂತಿವಾದ್ಯ ತ್ರಯವನ್ನೂ ಬರೆಯಲಿಲ್ಲ.

ಶೂಬರ್ಟನ ಕಥೆಯೂ ಹೆಚ್ಚುಕಡಿಮೆ ಇದೇ. ತಂದೆಯ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಈ ಹುಡುಗನ ಮನೆಯಲ್ಲಿಯೇ ಒಂದು ಕ್ವಾರ್ಟೆಟ್ ಇತ್ತು: ತಂದೆಯದು ಚೆಲ್ಲೊ, ಅಣ್ಣಂದಿರಿಬ್ಬರದು ಪಿಟೀಲು, ಫ್ರಾಂಜನದು ವಿಯೋಲಾ. 1816ರ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿ-ಫ್ಲ್ಯಾಟ್ ಸ್ಥಾಯಿಯಲ್ಲಿ ಒಂದು ತ್ರಯವನ್ನು ಆರಂಭಿಸಿ, ಮೊದಲನೆಯ ಭಾಗವನ್ನು ಮುಗಿಸಿ, ಎರಡನೆಯದರಲ್ಲಿ 39 ಆವರ್ತಗಳಷ್ಟು ನಡೆದು, ಅಲ್ಲಿಯೇ ಲೇಖನಿಯನ್ನಿಟ್ಟನು. ಉಳಿದಿರುವ ಆ ಒಂದು ಭಾಗದಷ್ಟು ಪ್ರಸನ್ನವಾದ ಸಂಗೀತವನ್ನು ಆತನೂ ಮತ್ತೆಮತ್ತೆ ಬರೆಯಲಿಲ್ಲ. ಸರಿಯಾಗಿ ಒಂದು ವರ್ಷದ ಮೇಲೆ, 1817ರ ಸೆಪ್ಟೆಂಬರಿನಲ್ಲಿ, ಅದೇ ಸ್ಥಾಯಿಯಲ್ಲಿ ನಾಲ್ಕು ಭಾಗಗಳ ಇನ್ನೊಂದನ್ನು ಬರೆದು ಪೂರೈಸಿದನು; ಅದರ ಮಿನುಯೆಟ್ಟಿನ ಒಳಭಾಗದಲ್ಲಿ ಹಾಡುಗಾರಿಕೆಯೆಲ್ಲ ವಿಯೋಲಾವಿನದೇ. ಎರಡೂ ಕೃತಿಗಳು ಕಾಗದಗಳ ಕಟ್ಟುಗಳಲ್ಲಿ ಹುದುಗಿದ್ದು, ಶತಮಾನದ ಕೊನೆಯ ದಶಕದಲ್ಲಿ ಆತನ ಸಮಗ್ರ ಕೃತಿಗಳು ಹೊರಬಂದಾಗಷ್ಟೇ ಅಚ್ಚನ್ನು ಕಂಡವು.

ಆ ಬಳಿಕ ಬರುವುದು ಮರುಭೂಮಿ. ಮೆಂಡೆಲ್ಸೋನ್, ಶೂಮಾನ್, ಬ್ರಾಮ್ಸ್ ಈ ಮೂವರ ಕೃತಿಪಟ್ಟಿಗಳನ್ನು ಮಗುಚಿ ಹಾಕಿದರೂ ಪ್ರೌಢವಯಸ್ಸಿನ ಒಂದು ತಂತಿವಾದ್ಯ ತ್ರಯವೂ ದೊರೆಯುವುದಿಲ್ಲ. ಮೊಜಾರ್ಟ್, ಬೀಥೋವನ್, ಶೂಬರ್ಟ್ ಮೂವರೂ ವಿಯೋಲಾ ನುಡಿಸಿದವರು; ನಡುವಣ ವಾದ್ಯವನ್ನು ನುಡಿಸಬಲ್ಲವರೇ ಈ ಪ್ರಕಾರವನ್ನು ಪ್ರೀತಿಸಿದರೆಂಬ ನನ್ನ ವಾದಕ್ಕೆ ಮೆಂಡೆಲ್ಸೋನನು ಅಪವಾದವೆಂಬುದನ್ನು ಒಪ್ಪಬೇಕು. ಆತನೂ ವಿಯೋಲಾ ಬಲ್ಲವನೇ. ತ್ರಯವೆಂದರೆ ಅವರಿಗೆಲ್ಲ ಪಿಯಾನೋ ಇರುವ ತ್ರಯ: 1839ರಲ್ಲಿ ಮೆಂಡೆಲ್ಸೋನನು ಬರೆದ ಡಿ-ಮೈನರ್ ತ್ರಯವನ್ನು ಶೂಮಾನನು ಆ ಯುಗದ ಶ್ರೇಷ್ಠ ತ್ರಯವೆಂದು ಕೊಂಡಾಡಿದನು. ಕಾರಣವನ್ನು ದೂರ ಹುಡುಕಬೇಕಾದುದಿಲ್ಲ. ಕಬ್ಬಿಣದ ಚೌಕಟ್ಟನ್ನು ಪಡೆದು ದಿನೇ ದಿನೇ ಬಲಿಯುತ್ತಿದ್ದ ಪಿಯಾನೋ, ಹತ್ತು ಬೆರಳುಗಳಿಂದ ಹತ್ತು ಸ್ವರಗಳನ್ನು ಒಮ್ಮೆಗೇ ಸುರಿಯಬಲ್ಲುದಾಗಿತ್ತು. ಸಮೃದ್ಧಿಗಾಗಿ, ತುಂಬು ನಾದಕ್ಕಾಗಿ, ಮುಗಿಲು ಮುಟ್ಟುವ ಭಾವಾವೇಶಕ್ಕಾಗಿ ಹಾತೊರೆಯುತ್ತಿದ್ದ ಆ ಪೀಳಿಗೆಯವರಿಗೆ ಹನ್ನೆರಡು ತಂತಿಗಳ ಮಿತವ್ಯಯವು ಬಡತನವಾಗಿ ಕಂಡಿತು.

ಇನ್ನೊಂದು ಕಾರಣವು ರಸಶಾಸ್ತ್ರಕ್ಕಿಂತ ಜೀವನೋಪಾಯಕ್ಕೆ ಸೇರಿದುದು. ಚರಿತ್ರಕಾರರು ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲವಾದರೂ ನನಗೆ ಅದೇ ಹೆಚ್ಚು ಬಲವಾದುದಾಗಿ ತೋರುತ್ತದೆ. ಶತಮಾನ ಮುಂದುವರಿದಂತೆ ಈ ಸಂಗೀತವು ಮನೆಯ ಹಜಾರದಿಂದ ಟಿಕೆಟ್ ಕೊಂಡು ಕೇಳುವ ಸಭಾಂಗಣಕ್ಕೆ ಸಾಗಿತು. ಬ್ರನ್ಸ್‌ವಿಕ್ಕಿನ ಮ್ಯೂಲರ್ ಸಹೋದರರು ನಾಲ್ವರೂ ಕೂಡಿ ಊರೂರು ಸುತ್ತಿದರು; 1849ರಲ್ಲಿ ವಿಯೆನ್ನಾದ ಹೆಲ್ಮೆಸ್‌ಬರ್ಗರನೂ 1869ರಲ್ಲಿ ಬರ್ಲಿನ್ನಿನ ಯೋಆಖಿಮ್ಮನೂ ತಂತಮ್ಮ ಕ್ವಾರ್ಟೆಟ್ಟುಗಳನ್ನು ಕಟ್ಟಿದರು. ನಾಲ್ವರು ಒಟ್ಟಾಗಿ ದುಡಿದು ಉಣ್ಣುವ ಇಂಥ ಮೇಳದಲ್ಲಿ ತ್ರಯವನ್ನು ನುಡಿಸುವುದೆಂದರೆ, ಎರಡನೆಯ ಪಿಟೀಲಿನವನನ್ನು ವೇದಿಕೆಯ ಹಿಂದೆ ಕುಳ್ಳಿರಿಸಿದಂತೆ. ನುಡಿಸುವವರು ಕೇಳದಿದ್ದುದನ್ನು ಬರೆಯುವವರು ಬರೆಯಲಿಲ್ಲ. ಬೀಥೋವನ್ನನ ಕ್ವಾರ್ಟೆಟ್ಟುಗಳ ಭಾರವನ್ನು ಹೊತ್ತು ನಡೆದ ಬ್ರಾಮ್ಸನಂತೂ, ತಾನೇ ಹೇಳಿಕೊಂಡಂತೆ ಇಪ್ಪತ್ತರಷ್ಟನ್ನು ನಾಶಮಾಡಿ, ನಲವತ್ತನೆಯ ವಯಸ್ಸಿನಲ್ಲಿ ಮೊದಲ ಎರಡನ್ನು ಪ್ರಕಟಿಸಿದವನು. ತ್ರಯದ ಗೊಡವೆಗೆ ಆತನಿಗೆಲ್ಲಿಯ ಬಿಡುವು? ಆತನ ಆಪ್ತನೂ ಲೈಪ್‌ಜಿಗ್ಗಿನ ಬಾಖ್ ಸಂಘದ ಸ್ಥಾಪಕರಲ್ಲಿ ಒಬ್ಬನೂ ಆದ ಹೆರ್ತ್ಸೊಗೆನ್‌ಬೆರ್ಗನು 1879ರ ಸುಮಾರಿಗೆ ಎರಡು ತ್ರಯಗಳನ್ನು ಹೊರತಂದನು. ಸುಘಟಿತವಾದ, ಸಜ್ಜನಿಕೆಯ ಕೃತಿಗಳು. ಇಂದು ಅವುಗಳನ್ನು ಕೇಳಬೇಕೆಂದರೆ ಹುಡುಕಬೇಕು.

ಹಾಗಾದರೆ ಪ್ರಕಾರವು ಬದುಕಿದುದೆಲ್ಲಿ? ಹವ್ಯಾಸಿಗಳ ಮನೆಗಳಲ್ಲಿ, ವಿಚಿತ್ರವೆಂದರೆ, ರಸಾಯನಶಾಸ್ತ್ರಜ್ಞರ ನಡುವೆ. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ವಿದ್ಯಾಲಯದಲ್ಲಿ ಓದುತ್ತಿದ್ದ, ಮುಂದೆ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ಅಲೆಕ್ಸಾಂಡರ್ ಬೊರೊದಿನ್ನನು, ಗೆಳೆಯರ ಮನೆಯಲ್ಲಿ ನುಡಿಸುವ ಆಸೆಯಿಂದ ಚೆಲ್ಲೊವನ್ನು ಹೊತ್ತುಕೊಂಡು ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದುಹೋಗುತ್ತಿದ್ದನಂತೆ. ಒಂದು ರಷ್ಯನ್ ಹಾಡನ್ನು ಆಧರಿಸಿ ಎರಡು ಪಿಟೀಲು ಮತ್ತು ಚೆಲ್ಲೊವಿಗೆ ಆತನು ಬರೆದ ಜಿ-ಮೈನರ್ ತ್ರಯ ಆ ಕಾಲದ್ದು.

ಮೂವತ್ತು ವರ್ಷಗಳಾಚೆ, 1887ರ ಜನವರಿಯಲ್ಲಿ, ಪ್ರಾಗ್ ನಗರದ ಜಿಟ್ನಾ ಬೀದಿಯಲ್ಲಿ ಇನ್ನೊಂದು ದೃಶ್ಯ. ಅಂತೋನಿನ್ ದ್ವೋರ್ಜಾಕನು ಆಗ ಲಂಡನ್ನಿನವರೆಗೆ ಕೀರ್ತಿ ಹಬ್ಬಿದ ಸಂಗೀತಕಾರ. ಏಳನೆಯ ಸಿಂಫನಿಯನ್ನು ಬರೆದು ಎರಡು ವರ್ಷವಾಗಿತ್ತು. ಅದೇ ಮನೆಯ ಒಂದು ಕೋಣೆಯಲ್ಲಿ ಯೋಸೆಫ್ ಕ್ರೂಯಿಸ್ ಎಂಬ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬನು ಬಾಡಿಗೆಗಿದ್ದು, ರಾಷ್ಟ್ರೀಯ ರಂಗಮಂದಿರದ ವಾದಕನಾದ ಯಾನ್ ಪೆಲಿಕಾನನಲ್ಲಿ ಪಿಟೀಲು ಕಲಿಯುತ್ತಿದ್ದನು. ಗುರುಶಿಷ್ಯರ ಇಬ್ಬರ ಪಿಟೀಲುಗಳು ಗೋಡೆಯಾಚೆಯಿಂದ ಕೇಳಿಬರುತ್ತಿರಲು ದ್ವೋರ್ಜಾಕನ ಕೈ ಸುಮ್ಮನಿರಲಿಲ್ಲ. ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಪ್ರಾಗಿನ ರಂಗಮಂದಿರದ ವೃಂದದಲ್ಲಿ ಹೊಟ್ಟೆಪಾಡಿಗಾಗಿ ವಿಯೋಲಾ ನುಡಿಸಿದವನು ಆತನು; ಇವರಿಬ್ಬರೊಡನೆ ತಾನೂ ಮೂರನೆಯವನಾಗಿ ಕುಳಿತುಕೊಳ್ಳುವ ಉದ್ದೇಶದಿಂದ, ಎರಡು ಪಿಟೀಲು ಒಂದು ವಿಯೋಲಾಕ್ಕೆ ಒಂದೇ ವಾರದಲ್ಲಿ ‘ತೆರ್ಜೆತ್ತೊ’ ಎಂಬ ಕೃತಿಯನ್ನು ಬರೆದು ಮುಗಿಸಿದನು. ಅದರಲ್ಲಿ ಚೆಲ್ಲೊ ಇಲ್ಲವಾದ ಕಾರಣ ತಳಪಾಯವನ್ನು ಹೊರುವ ಕೆಲಸವೂ ವಿಯೋಲಾವಿನದೇ. ಮೂರನೆಯ ಭಾಗದಲ್ಲಿ ಚೆಕ್ ರೈತರ ಕುಣಿತವು ಕಾಲು ನೆಲಕ್ಕೆ ಬಡಿಯುತ್ತ ಬರುತ್ತಿದ್ದರೆ, ತಂತಿಗಳು ಹನ್ನೆರಡೇ ಎಂಬುದೂ, ಅವುಗಳಲ್ಲಿ ಚೆಲ್ಲೊವಿನಷ್ಟು ಮಂದ್ರದ ತಂತಿ ಇಲ್ಲವೆಂಬುದೂ ಮರೆತುಹೋಗುತ್ತದೆ.

ಆದರೆ ಕ್ರೂಯಿಸನಿಗೆ ಅದು ಕೈಗೆಟುಕಲಿಲ್ಲ. ವಿದ್ಯಾರ್ಥಿಗೆ ಬಹಳ ಕಠಿಣವಾಯಿತು. ದ್ವೋರ್ಜಾಕನು ಬೇಸರಪಡದೆ ಮತ್ತೆ ಕುಳಿತು, ಅದೇ ಮೂರು ವಾದ್ಯಗಳಿಗೆ ಸುಲಭವಾದ ನಾಲ್ಕು ಕಿರುಕೃತಿಗಳನ್ನು ಬರೆದುಕೊಟ್ಟನು. ಹಿರಿಯ ಸಿಂಫನಿಯೊಂದನ್ನು ಬರೆಯುವಾಗಿನಷ್ಟೇ ಸಂತೋಷ ತನಗೆ ಇವುಗಳನ್ನು ಬರೆಯುವಾಗಲೂ ಆಗುತ್ತಿದೆಯೆಂದು ಪ್ರಕಾಶಕನಾದ ಸಿಮ್‌ರಾಕನಿಗೆ ಪತ್ರವನ್ನೂ ಹಾಕಿದನು. ಪ್ರಕಾಶಕನಿಗೆ ಅಷ್ಟೇನೂ ಸಂತೋಷವಾಗಿರಲಾರದು. ವಿದ್ಯಾರ್ಥಿಗಾಗಿ ಬರೆದ ಸಂಗೀತದಲ್ಲಿ ಲಾಭವೆಷ್ಟು? ಆ ಕಿರುಕೃತಿಗಳೇ ಸ್ವಲ್ಪ ದಿನಗಳಲ್ಲಿ ಪಿಟೀಲು ಮತ್ತು ಪಿಯಾನೋಗಳಿಗೆ ಮಾರ್ಪಟ್ಟು ‘ರೊಮ್ಯಾಂಟಿಕ್ ಕೃತಿಗಳು’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದುವು. ಮೂರು ತಂತಿವಾದ್ಯಗಳಿಂದ ಪಿಯಾನೋವಿಗೆ ವಲಸೆಹೋದ ಮೇಲೆಯೇ ಅವುಗಳಿಗೆ ಮಾರುಕಟ್ಟೆ ದೊರೆತುದು, ಆ ಶತಮಾನದ ರುಚಿಗೆ ಸಾಕಾದಷ್ಟು ಸಾಕ್ಷ್ಯ.

ಪ್ರಕಾರವು ಮತ್ತೆ ತಲೆಯೆತ್ತಿದುದು, ರಮ್ಯಯುಗವು ತನ್ನ ಸಮೃದ್ಧಿಯಿಂದ ತಾನೇ ದಣಿದಾಗ. ವ್ಯಾಗ್ನರನ ಭಾರಿ ವಾದ್ಯವೃಂದಗಳ ಘೋಷವು ಕಿವಿಯಲ್ಲಿ ಇನ್ನೂ ಮೊರೆಯುತ್ತಿದ್ದ 1904ರಲ್ಲಿ, ದಟ್ಟವಾದ ಹಾರ್ಮನಿಗೆ ತಾನೇ ಹೆಸರಾಗಿದ್ದ ಮ್ಯಾಕ್ಸ್ ರೇಗರನು, ಇಂದಿನ ಸಂಗೀತಕ್ಕೆ ಬೇಕಾಗಿರುವವನು ಒಬ್ಬ ಮೊಜಾರ್ಟನೆಂದು ಹೇಳಿ, ಎ-ಮೈನರ್ ಸ್ಥಾಯಿಯಲ್ಲಿ ತಂತಿವಾದ್ಯ ತ್ರಯವೊಂದನ್ನು ಬರೆದನು. 1915ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಡಿ-ಮೈನರಿನಲ್ಲಿ ಇನ್ನೊಂದನ್ನು ಬರೆದನು. ರಷ್ಯಾದಲ್ಲಿ ತನೇಯೆವನೂ ಅದೇ ವರ್ಷಗಳಲ್ಲಿ ಈ ದಾರಿ ತುಳಿದನು. ಆತನ ತ್ರಯಗಳಲ್ಲಿ ವಿದ್ವತ್ತು ಅಪಾರ, ಕೇಳುವವನಲ್ಲಿ ತಾಳ್ಮೆಯಿರಬೇಕು.

ಇವರೆಲ್ಲರಿಗಿಂತ ಮುಂಚೆ, 1902ರಲ್ಲಿ, ಇಪ್ಪತ್ತೈದು ವರ್ಷದ ಎರ್ನ್ಯೋ ದೊಹ್ನಾನಿಯು ಬರೆದ ಸಿ-ಮೇಜರ್ ಸ್ಥಾಯಿಯ ಸೆರೆನೇಡ್, ಕೃತಿಸಂಖ್ಯೆ 10, ನನ್ನ ಎಣಿಕೆಯಲ್ಲಿ ಶೂಬರ್ಟನ ತರುವಾಯದ ತಂತಿವಾದ್ಯ ತ್ರಯಗಳಲ್ಲೆಲ್ಲ ಶ್ರೇಷ್ಠವಾದುದು. ಪೊಜೊನಿ ಪಟ್ಟಣದ ಗಣಿತದ ಅಧ್ಯಾಪಕನೂ ಹವ್ಯಾಸಿ ಚೆಲ್ಲೊ ವಾದಕನೂ ಆದವನ ಮಗನಾಗಿ, ಮನೆಯ ಸಂಗೀತದ ನಡುವೆಯೇ ಬೆಳೆದ ಈ ಹಂಗೇರಿಯವನು, ಬೀಥೋವನ್ನನ ಎಂಟನೆಯ ಕೃತಿಸಂಖ್ಯೆಯ ಸೆರೆನೇಡಿನಂತೆ ತನ್ನದನ್ನೂ ಒಂದು ನಡಿಗೆಯ ಮಟ್ಟಿನಿಂದ ಆರಂಭಿಸಿದನು: ರಾತ್ರಿಯಲ್ಲಿ ವಾದಕರು ಕಿಟಕಿಯ ಕೆಳಗೆ ಬಂದು ನಿಲ್ಲುತ್ತಾರೆ. ಬಂದು ನಿಂತ ಮೇಲೆ ಹಾಡಬೇಕಾದವರು ಯಾರು? ಪಿಟೀಲೂ ಚೆಲ್ಲೊವೂ ಕಮಾನನ್ನು ಬಿಟ್ಟು ಬೆರಳಿನಿಂದ ತಂತಿಗಳನ್ನು ಎಡಮಾತ್ರೆಗಳಲ್ಲಿ ಮೀಟುತ್ತ ಗಿಟಾರಿನ ಅನುಕರಣೆ ಮಾಡುತ್ತಿರಲು, ಎರಡನೆಯ ಭಾಗದ ಆ ಪ್ರೇಮಗೀತವನ್ನು ಉದ್ದಕ್ಕೆ, ಯಾವ ಅವಸರವೂ ಇಲ್ಲದೆ ಎತ್ತಿಕೊಳ್ಳುವುದು ವಿಯೋಲಾ. ನಾಲ್ಕನೆಯದು ವಿಸ್ತಾರಗಳ ಭಾಗ. ಐದನೆಯದರ ಕೊನೆಯಲ್ಲಿ ಮೊದಲಿನ ನಡಿಗೆಯ ಒಳಗಿನ ಮಟ್ಟು ಮರಳಿ ಬಂದು, ವಾದಕರು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತಾರೆ.

1941ರ ಸೆಪ್ಟೆಂಬರಿನಲ್ಲಿ ಪಿಟೀಲಿನ ಯಾಶಾ ಹೈಫೆಟ್ಸ್, ವಿಯೋಲಾದ ವಿಲಿಯಂ ಪ್ರಿಮ್‌ರೋಸ್, ಚೆಲ್ಲೊದ ಎಮಾನುಯೆಲ್ ಫೊಯರ್‌ಮಾನ್ ಈ ಮೂವರೂ ಅಮೆರಿಕದಲ್ಲಿ ಕಲೆತು, ಮೊಜಾರ್ಟನ ಡಿವರ್ಟಿಮೆಂಟೊವನ್ನೂ ದೊಹ್ನಾನಿಯ ಸೆರೆನೇಡನ್ನೂ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿಕೊಟ್ಟರು. ಮರುವರ್ಷದ ಮೇ ತಿಂಗಳಿನಲ್ಲಿ ಫೊಯರ್‌ಮಾನನು ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ, ನಲವತ್ತು ತುಂಬುವ ಮುನ್ನವೇ ತೀರಿಕೊಂಡನು. ಪ್ರಿಮ್‌ರೋಸನು ಮೊದಲು ಪಿಟೀಲಿನವನಾಗಿದ್ದು, ಗುರುವಾದ ಇಜಾಯಿಯ ಸಲಹೆಯಂತೆ ವಿಯೋಲಾಕ್ಕೆ ತಿರುಗಿದವನು. ಈ ಬಗೆಯ ಸಂಗೀತದ ಪರಿಚಯವಿಲ್ಲದ ನಮ್ಮ ರಸಿಕರು ಅವೆರಡು ಮುದ್ರಣಗಳಿಂದಲೇ ಆರಂಭಿಸಬಹುದು. ಪಿಟೀಲು ಹೇಗೂ ತಾನಾಗಿ ಕಿವಿಗೆ ಬೀಳುತ್ತದೆ, ಮೊದಲನೆಯ ಸಲ ಅದನ್ನು ಅದರ ಪಾಡಿಗೆ ಬಿಟ್ಟು ಪ್ರಿಮ್‌ರೋಸನ ಬೆನ್ನು ಹಿಡಿದು ಕೇಳಬೇಕೆಂದು ನನ್ನ ಕೋರಿಕೆ.